ನಲವತ್ತೈದು ಮೀಟರ್ ಮೇಲೆ, ಖಾಲಿ ಹೊಟ್ಟೆಯಲ್ಲಿ

ಶುಕ್ರವಾರಕ್ಕೆ ಇನ್ನೆರಡೇ ದಿನ. ಅವತ್ತು ಕಂಪನಿಯ ಡಾಕ್ಟರು ಕ್ರೇನ್ ಆಪರೇಟರನ ತೂಕ ನೋಡಿ, ರಕ್ತ ತೆಗೆದು, ಒಂದು ಕಾಗದಕ್ಕೆ ಸಹಿ ಹಾಕುವವರಿದ್ದರು. ಸಹಿ ಬಿದ್ದರೆ ಇನ್ನೊಂದು ವರ್ಷ ಅವನು ಮೇಲೆ. ಬೀಳದಿದ್ದರೆ ಕೆಳಗೆ, ಸ್ಟೋರ್‌ರೂಮಿನಲ್ಲಿ ನಟ್ಟು ಬೋಲ್ಟು ಹಂಚಿಕೊಂಡು ಕೂರಬೇಕು. ಇಪ್ಪತ್ತೆರಡು ವರ್ಷ ಎಲ್ಲರನ್ನೂ ನೆತ್ತಿಯ ಕಡೆಯಿಂದಲೇ ನೋಡಿದವನಿಗೆ ಕಿಟಕಿಯಿಲ್ಲದ ಆ ಕೋಣೆ ಕನಸಿನಲ್ಲೂ ಬರತೊಡಗಿತ್ತು.

ಕ್ರೇನಿನವನೆಂದರೆ ಮೈಮುರಿದು ದುಡಿಯುವವನು ಅಂದುಕೊಳ್ಳುತ್ತಾರೆ ಜನ. ನಿಜಕ್ಕೂ ಅದು ಕೂರುವ ಕೆಲಸ. ಬೆಳಿಗ್ಗೆ ಒಮ್ಮೆ ಏಣಿ ಹತ್ತಿದರೆ ಸಂಜೆಯವರೆಗೆ ಒಂದು ಕುರ್ಚಿ, ಎರಡು ಲಿವರು, ಸುತ್ತ ಗಾಜು. ಊಟಕ್ಕೆಂದು ಇಳಿದು ಹತ್ತುವಷ್ಟರಲ್ಲಿ ಅರ್ಧ ದಿನದ ಕೆಲಸ ಮಣ್ಣುಪಾಲು. ಹಾಗಾಗಿ ಅವನು ಮೇಲಿಂದ ಹಗ್ಗ ಬಿಡುತ್ತಿದ್ದ, ಕೆಳಗಿಂದ ಬಕೆಟ್ಟು ಏರಿಬರುತ್ತಿತ್ತು. ಅದರಲ್ಲಿ ಬನ್ನು, ಕೇಕು, ಕರಿದ ಆಲೂಗಡ್ಡೆ, ನಾಲ್ಕು ಚಮಚ ಸಕ್ಕರೆಯ ಚಹಾ. ಕಳಿಸುವವನು ಕೆಳಗಿನಿಂದ ಹೊರೆಗೆ ದಾರಿ ಹೇಳುವ ಸಿಗ್ನಲ್‌ಮನ್, ಆಪರೇಟರನ ಹೆಂಡತಿಯ ಸ್ವಂತ ತಮ್ಮ. ಕೈಗೆ ವಾಕಿಟಾಕಿ ಬಂದ ಮೇಲೂ ಕೊರಳ ಸೀಟಿ ಬಿಡದ ಅವನನ್ನು ಸೈಟಿನಲ್ಲೆಲ್ಲ ಪೀಪಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಬಕೆಟ್ಟುಗಳೆಲ್ಲ ಭಾವನ ಸೊಂಟದ ಸುತ್ತ ಬಂದು ಬೀಡುಬಿಟ್ಟಿದ್ದವು.

ಎರಡು ತಿಂಗಳ ಹಿಂದೆ ಶುಗರ್ ಇದೆಯೆಂದು ಗೊತ್ತಾದಾಗ ಹೆಂಡತಿ ಬಾಯಿ ಬಡಿದುಕೊಳ್ಳಲಿಲ್ಲ. ಅವಳು ಹೊಲಿಗೆಯವಳು, ಅಳತೆಯಲ್ಲಿ ನಂಬಿಕೆ. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಎರಡು ಮೊಟ್ಟೆ, ಬ್ರೆಡ್ಡು. ಮಧ್ಯಾಹ್ನ ಬೇಯಿಸಿದ ಕಾಳು, ತರಕಾರಿ. ತಿಂದ ಮೇಲೆ ಒಂದು ಮಾತ್ರೆ. "ಸ್ವಲ್ಪ ಸ್ವಲ್ಪಾನೇ ಸಾಕು, ದಿನಾ ಆಗ್ಬೇಕು ಅಷ್ಟೆ," ಎನ್ನುತ್ತಿದ್ದಳು. ಐದನೇ ವಾರ ಅವನ ಪ್ಯಾಂಟಿನ ಸೊಂಟವನ್ನು ಒಂದಿಂಚು ಒಳಗೆ ಹಿಡಿದು ಹೊಲಿದಾಗ, ಮೀಸೆಯಿದ್ದಿದ್ದರೆ ತಿರುವಿಬಿಡುತ್ತಿದ್ದಳು.

ಅವನೂ ಸುಮ್ಮನಿರಲಿಲ್ಲ. ತನ್ನ ನಾಲಿಗೆಯ ಚಪಲ ತನಗೇ ಗೊತ್ತಿದ್ದರಿಂದ ಮೊದಲ ದಿನವೇ ಪೀಪಿಯನ್ನು ಪಕ್ಕಕ್ಕೆ ಕರೆದ.

"ನೋಡೋ, ಇವತ್ತಿಂದ ಬಕೆಟ್ಟಲ್ಲಿ ನೀರು, ನಿಮ್ಮಕ್ಕ ಕೊಟ್ಟ ಡಬ್ಬಿ. ಬೇರೇನೂ ಬರಕೂಡದು."

"ನೀವೇ ಕೇಳಿದ್ರೆ?"

"ಕೊಡಬೇಡ."

"ಬೈದ್ರೆ?"

"ಬೈಸ್ಕೋ."

"ಅತ್ರೆ ಭಾವ?"

"ಅಳ್ತೀನಿ ಬಿಡು. ಪ್ರಾಣ ಹೋಗುತ್ತೆ ಅಂದ್ರೂ ಕೊಡಬೇಡ."

"ಅಕ್ಕನಾಣೆ," ಎಂದ ಪೀಪಿ.

ಆಮೇಲೆ ಅದೊಂದು ದಿನನಿತ್ಯದ ನಾಟಕವೇ ಆಗಿಹೋಯಿತು. ಹನ್ನೊಂದಾಗುತ್ತಲೇ ವಾಕಿಟಾಕಿಯಲ್ಲಿ ಮೇಲಿನ ದನಿ ನರಳುತ್ತಿತ್ತು. "ಪೀಪಿ, ಒಂದೇ ಒಂದು ಬಿಸ್ಕತ್ತು. ಕಣ್ಣು ಕತ್ತಲೆ ಬರ್ತಿದೆ ಕಣೋ." ಕೆಳಗಿನಿಂದ ಉತ್ತರ, "ಕಪ್ಪು ಕನ್ನಡಕ ತೆಗೀರಿ ಭಾವ." ಸೈಟಿನ ನಲವತ್ತು ಜನ ಹಾರೆ, ಸಲಿಕೆ ಇಳಿಸಿ ನಗುತ್ತಿದ್ದರು.

ಸೋಮವಾರ ಪಕ್ಕದ ಮನೆಯ ನರ್ಸಮ್ಮನ ಪುಟ್ಟ ಯಂತ್ರದಲ್ಲಿ ಬೆರಳು ಚುಚ್ಚಿಸಿ ನೋಡಿಕೊಂಡ. ಶುಗರ್ ಇಳಿದಿತ್ತು, ಆದರೆ ಅವನಿಗೆ ಸಾಲದು. ಹೊರೆ ಸಾಕಷ್ಟು ಬೇಗ ಇಳಿಯುತ್ತಿಲ್ಲವೆಂದರೆ ಆಪರೇಟರ್ ಆದವನು ಏನು ಮಾಡುತ್ತಾನೆ? ಲಿವರನ್ನು ಇನ್ನಷ್ಟು ಒತ್ತುತ್ತಾನೆ. ಅವನೂ ಹಾಗೇ ಮಾಡಿದ, ಯಾರಿಗೂ ಹೇಳದೆ. ನಡಿಗೆ ಓಟವಾಯಿತು. ಡಬ್ಬಿ ಬೀದಿನಾಯಿಗಳ ಪಾಲಾಯಿತು. ಒಂದು ಮಾತ್ರೆ ಎರಡಾಯಿತು. ಬುಧವಾರ ಬೆಳಿಗ್ಗೆ ಒಂದು ಗಂಟೆ ಓಡಿ, ಬರೀ ನೀರು ಕುಡಿದು, ಎರಡು ಮಾತ್ರೆ ನುಂಗಿ ಏಣಿ ಹತ್ತಿದ. ಹೊಟ್ಟೆ ತಾಳ ಹಾಕುತ್ತಿದ್ದರೂ ಒಳಗೊಳಗೇ ಬೀಗುತ್ತಿದ್ದ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕೊಕ್ಕೆಯಲ್ಲಿ ಮೂರು ಟನ್ನಿನ ಕಾಂಕ್ರೀಟ್ ಗೋಡೆ. ಒಂಬತ್ತನೇ ಮಹಡಿಯ ಅಂಚಿನಲ್ಲಿ ಇಬ್ಬರು ಮೇಸ್ತ್ರಿಗಳು ಕೈಚಾಚಿ ಕಾಯುತ್ತಿದ್ದರು. ಗಾಳಿ ಎದ್ದಿತ್ತು.

ಮೊದಲು ಬೆವರು ಬಂತು, ಅದೂ ತಣ್ಣಗೆ. ಆಮೇಲೆ ಬೆರಳುಗಳು ಬೇರೆ ಯಾರದೋ ಎಂಬಂತೆ ನಡುಗತೊಡಗಿದವು. ಅಂಚಿನಲ್ಲಿದ್ದ ಇಬ್ಬರು ನಾಲ್ವರಾದರು. ಒಂದು ಗೋಡೆ ಎರಡಾಯಿತು. ಎರಡರಲ್ಲಿ ಯಾವುದನ್ನು ಇಳಿಸಬೇಕು?

"ಪೀಪಿ. ಬಕೆಟ್ಟಲ್ಲಿ ಸಕ್ಕರೆ ಕಳ್ಸು."

"ಓಹೋ! ಹತ್ತು ನಿಮಿಷ ಮುಂಚೇನೇ ಶುರುವಾಯ್ತಾ? ಇವತ್ತು ನೇರ ಸಕ್ಕರೇನೇ, ಬಿಸ್ಕತ್ತಿನ ದಾಕ್ಷಿಣ್ಯಾನೂ ಇಲ್ಲ."

ಯಾರೋ ಕಿಸಕ್ಕೆಂದರು.

"ತಮಾಷೆ ಅಲ್ಲ ಕಣೋ."

"ಪ್ರಾಣ ಹೋಗುತ್ತೆ ಅಂದ್ರೂ ಕೊಡಬೇಡ ಅಂದಿದ್ದು ಯಾರು? ಅಕ್ಕನಾಣೆ ಹಾಕಿದ್ದೀನಿ. ಮೊದಲು ಗೋಡೆ ಇಳ್ಸಿ, ಎಡಕ್ಕೆ, ಮೆಲ್ಲಗೆ."

ಒಂದೇ ಒಂದು ಮಾತು ಸಾಕಿತ್ತು. ಆದರೆ ಇದೇ ಚಾನೆಲ್ಲಿನ ಇನ್ನೊಂದು ಸೆಟ್ಟು ಸೈಟಿನ ಉಸ್ತುವಾರಿಯ ಎಂಜಿನಿಯರಮ್ಮನ ಮೇಜಿನ ಮೇಲಿತ್ತು. ತಲೆ ಸುತ್ತುತ್ತಿದೆ ಎಂದು ಆಪರೇಟರ್ ಬಾಯಿಬಿಟ್ಟರೆ ಶುಕ್ರವಾರದ ತನಕ ಕಾಯುವ ಅಗತ್ಯವೇ ಇರುವುದಿಲ್ಲ. ನಾಲ್ಕು ನಿಮಿಷ, ಅಂದುಕೊಂಡ. ಈ ಒಂದನ್ನು ಇಳಿಸಿಬಿಟ್ಟರೆ ಏನೋ ಒಂದು ನೆಪ ಹೇಳಿ ಕೆಳಗಿಳಿಯಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಲಿವರನ್ನು ಎಡಕ್ಕೆ ತಳ್ಳಿದ. ಎಡಕ್ಕೇ ತಳ್ಳಿದೆನೆಂದು ಅವನ ಭಾವನೆ. ಗೋಡೆ ಬಲಕ್ಕೆ ಜಗ್ಗಿ, ಗಾಳಿಯನ್ನೂ ಸೇರಿಸಿಕೊಂಡು ತೂಗಿ, ಅಂಚಿನವರ ಮುಖದ ಮುಂದೆಯೇ ಹಾದುಹೋಯಿತು. ಒಬ್ಬ ದೊಪ್ಪನೆ ನೆಲಕ್ಕೆ ಬಿದ್ದು ಮಲಗಿದ. ಅವನ ಹಳದಿ ಹೆಲ್ಮೆಟ್ಟು ಉರುಳುತ್ತ ಅಂಚು ದಾಟಿ ಕೆಳಕ್ಕೆ ಬಿತ್ತು. ಅದು ನೆಲ ಮುಟ್ಟುವವರೆಗೂ ಆಪರೇಟರ್ ನೋಡಿದ. ತುಂಬ ಹೊತ್ತು ಹಿಡಿಯಿತು.

ಎರಡೂ ಕೈಯನ್ನು ಲಿವರಿನಿಂದ ಕಿತ್ತುಕೊಂಡ. ಕೈ ಬಿಟ್ಟರೆ ಬ್ರೇಕು ತಾನಾಗಿ ಹಿಡಿಯುತ್ತದೆ. ಗೋಡೆ ನಡುಗಾಳಿಯಲ್ಲಿ ತೂಗುತ್ತ ನಿಂತಿತು. ವಾಕಿಟಾಕಿಯ ಗುಂಡಿಗಾಗಿ ಹೆಬ್ಬೆರಳು ಎರಡು ಸಲ ತಡಕಾಡಿತು.

"ಎಲ್ಲರೂ ಕೇಳಿ. ಎರಡು ದಿನದಿಂದ ನಾನು ಊಟ ಮಾಡಿಲ್ಲ. ಡಬಲ್ ಮಾತ್ರೆ ನುಂಗಿದ್ದೀನಿ. ಟೆಸ್ಟಲ್ಲಿ ಪಾಸಾಗೋಕೆ. ಈಗ ಶುಗರ್ ಬಿದ್ದುಹೋಗಿದೆ, ಕೈ ನನ್ನ ಮಾತು ಕೇಳ್ತಿಲ್ಲ. ಒಂಬತ್ತನೇ ಮಹಡಿ ಖಾಲಿ ಮಾಡ್ಸಿ."

ಯಾರೂ ನಗಲಿಲ್ಲ. ಪೀಪಿಯ ಸೀಟಿ ಮೂರು ಸಲ ಉದ್ದಕ್ಕೆ ಕೂಗಿತು. ಜನ ಕಟ್ಟಡದಿಂದ ಇರುವೆ ಸಾಲಿನಂತೆ ಹೊರಬಿದ್ದರು.

"ಲಿವರ್ ಮುಟ್ಟಬೇಡಿ," ಎಂಜಿನಿಯರಮ್ಮನ ದನಿ. "ಹೊರೆ ಅಲ್ಲೇ ಇರ್ಲಿ. ಹಗ್ಗ ಬಿಡೋಕಾಗುತ್ತಾ?"

ಹಗ್ಗದ ಗಂಟನ್ನು ಬಿಚ್ಚಲು ಹೋದ. ಕಣ್ಣಿಗೆ ಬರೀ ಗಂಟುಗಳೇ ಕಂಡವು. "ಇಲ್ಲ ಮೇಡಂ."

"ನಾನು ಹತ್ತುತ್ತೀನಿ," ಎಂದ ಪೀಪಿ.

ಅಕ್ಕ ಭಾವನಿಗೆ ಡಬ್ಬಿ ಕಟ್ಟತೊಡಗಿದ ಮೇಲೆ ಬಕೆಟ್ಟಿನ ಬನ್ನುಗಳನ್ನೆಲ್ಲ ಒಬ್ಬನೇ ಖಾಲಿ ಮಾಡುತ್ತಿದ್ದವನು ಪೀಪಿ. ನೂರೈವತ್ತು ಮೆಟ್ಟಿಲಿನ ನೆಟ್ಟನೆ ಏಣಿ. ಎದೆಗೆ ಸಿಕ್ಕಿಸಿದ ವಾಕಿಟಾಕಿಯ ಗುಂಡಿ ಅಮುಕಿಕೊಂಡೇ ಇತ್ತೋ ಏನೋ, ಅವನ ಏದುಸಿರು ಎಲ್ಲರಿಗೂ ಕೇಳುತ್ತಿತ್ತು. ಒಂದು ಕಡೆ ಅದು ನಿಂತೇಹೋಯಿತು.

"ಪೀಪಿ?" ಆಪರೇಟರ್ ತನ್ನದೇ ದನಿಯನ್ನು ದೂರದಿಂದ ಕೇಳಿಸಿಕೊಂಡ. ಅವನ ತಲೆ ಗಾಜಿಗೆ ಒರಗಿತ್ತು. ಮಲಗಿಬಿಟ್ಟರೆ ಎಷ್ಟು ಸುಖ.

"ಇದ್ದೀನಿ..." ಉಸಿರು. "ಇದ್ದೀನಿ ಭಾವ." ಉಸಿರು. "ಯಾವನೋ ಇಷ್ಟೆತ್ತರ ಮಾಡಿದ್ದು ಇದನ್ನ? ನಿದ್ದೆ ಮಾಡಬೇಡಿ. ಬೈತಾ ಇರಿ. ನನ್ನ ಬೈತಾ ಇರಿ."

"ಕತ್ತೆ," ಎಂದ ಆಪರೇಟರ್. ಸ್ವಲ್ಪ ಹೊತ್ತು ಬಿಟ್ಟು, "ಕತ್ತೆ ಕತ್ತೆ," ಎಂದ. ಬೇರೆ ಬೈಗುಳ ಒಂದೂ ನೆನಪಿಗೆ ಬರಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಪೀಪಿಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಚಹಾದವನ ಡಬ್ಬದಿಂದ ತಂದ ಸಕ್ಕರೆ ಅಂಗಿಯ ಜೇಬಿನಲ್ಲಿತ್ತು, ಅರ್ಧ ಬೆವರಿಗೆ ಕರಗಿತ್ತು. ಮುಷ್ಟಿ ತುಂಬಿ ಭಾವನ ಬಾಯಿಗೆ ತುರುಕಿದ. "ಅಗೀರಿ. ನುಂಗಿ. ನಂಗೇನು ಗೊತ್ತು ಭಾವ, ದಿನಾ ಹಂಗೇ ಅಂತಿದ್ರಲ್ಲ..." ಪೀಪಿಯ ದೊಡ್ಡ ದೇಹ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಕ್ಯಾಬಿನ್ನಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಅವನ ಹೊಟ್ಟೆ, ಇವನ ಮಂಡಿ, ಸುತ್ತ ಗಾಜು. ಹೊರಗೆ ಗೋಡೆ ಇನ್ನೂ ತೂಗುತ್ತಿತ್ತು.

ಕಾಲು ಗಂಟೆಯ ಮೇಲೆ ಆಪರೇಟರನ ಕಣ್ಣಿಗೆ ಗೋಡೆ ಮತ್ತೆ ಒಂದೇ ಆಯಿತು.

"ಈಗ ಕೈ ಸ್ಥಿರ ಇದೆ ಮೇಡಂ," ಎಂದು ಗುಂಡಿ ಒತ್ತಿ ಹೇಳಿದ. "ಇದೊಂದು ಇಳಿಸಿಬಿಡ್ಲಾ?"

"ಬೇಡ. ನೀವು ಇಳೀರಿ."

ಇಳಿದ. ಏಣಿಯ ನಡುನಡುವಿನ ಪ್ರತಿ ಅಟ್ಟಣೆಯಲ್ಲೂ ಇಬ್ಬರೂ ಕೂತು ಸುಧಾರಿಸಿಕೊಂಡರು. ಏಣಿಯ ಬುಡದಲ್ಲಿ ಎಂಜಿನಿಯರಮ್ಮ ನಿಂತಿದ್ದಳು, ಪಕ್ಕದಲ್ಲಿ ಬೇರೆ ಸೈಟಿನಿಂದ ಕರೆಸಿದ್ದ ಬದಲಿ ಆಪರೇಟರ್ ಗ್ಲೌಸು ಹಾಕಿಕೊಳ್ಳುತ್ತಿದ್ದ. ಅವಳು ಕೂಗಾಡಲಿಲ್ಲ. "ಶುಕ್ರವಾರ ಡಾಕ್ಟರು ನೋಡೋದು ಮೂರು ತಿಂಗಳ ಶುಗರಿನ ಸರಾಸರಿ," ಎಂದಳು. "ಎರಡು ದಿನ ಉಪವಾಸ ಇದ್ದಿದ್ದು ಅದಕ್ಕೆ ಗೊತ್ತೂ ಆಗ್ತಿರ್ಲಿಲ್ಲ. ಮೂರು ತಿಂಗಳು ಸ್ಟೋರಲ್ಲಿರಿ. ಆಮೇಲೆ ಮತ್ತೆ ಟೆಸ್ಟು."

"ಪಾಸಾದ್ರೆ?"

"ಪಾಸಾದ್ರೆ ಹತ್ತಿ. ನೀವಾಗೇ ಬಾಯಿಬಿಟ್ರಿ, ಅದನ್ನೂ ಬರೀತೀನಿ."

ಬದಲಿಯವನಿಗೆ ಹೇಳಿದ, "ಬಲಗಡೆ ಲಿವರ್ ಸ್ವಲ್ಪ ಹಿಡಿಯುತ್ತೆ. ಒತ್ತಕ್ಕೆ ಹೋಗಬೇಡ." ಆಮೇಲೆ ಮನೆಗೆ ಫೋನ್ ಮಾಡಿ, ಓಟ, ನಾಯಿ, ಮಾತ್ರೆ, ಹೆಲ್ಮೆಟ್ಟು, ಒಂದನ್ನೂ ಬಿಡದೆ ಒಪ್ಪಿಸಿದ. ಆ ಕಡೆ ಹೊಲಿಗೆ ಯಂತ್ರ ನಿಂತ ಸದ್ದು ಕೇಳಿಸಿತು.

"ನಡ್ಕೊಂಡು ಬರ್ತೀನಿ," ಎಂದ.

"ಒಂದು ಹೆಜ್ಜೆ ಇಟ್ಟೀರಿ ಜೋಕೆ! ಕೂತಲ್ಲೇ ಕೂತಿರಿ."

ಅವಳು ಬರುವಷ್ಟರಲ್ಲಿ ಗೋಡೆ ತನ್ನ ಜಾಗಕ್ಕಿಳಿಯುತ್ತಿತ್ತು. ಹೊರೆ ಇಳಿಯುವುದನ್ನು ಕೆಳಗಿನಿಂದ ನೋಡಿದ್ದು ಅವನಿಗೆ ಅದೇ ಮೊದಲು. ಮೇಸ್ತ್ರಿಗಳು ಅದನ್ನು ಹಿಡಿದು, ಸರಿಸಿ, ಕೂರಿಸಿ ಕೈ ಎತ್ತಿದರು. ಹೆಂಡತಿ ತಲೆಯೆತ್ತಿಯೂ ನೋಡಲಿಲ್ಲ. ಸಿಮೆಂಟಿನ ಚೀಲದ ಮೇಲೆ ಅವನ ಪಕ್ಕ ಕೂತು ಡಬ್ಬಿಯ ಮುಚ್ಚಳ ತೆಗೆದಳು. ತಮ್ಮನಿಗೂ ಒಂದು ತಟ್ಟೆ ತಂದಿದ್ದಳು.

ಅವನು ಗಬಗಬ ತಿನ್ನತೊಡಗಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ನಿಧಾನ. ಮೂರು ತಿಂಗಳಿದೆ."