ಒಂದು ಪಾವು ಕಡಿಮೆ

ನಂದಿತಾ ಎತ್ತಿಕೊಂಡ ಮೊಟ್ಟೆ ಅಂಗೈಯಲ್ಲೇ ಕುಸಿಯಿತು. ಗಟ್ಟಿ ಚಿಪ್ಪಿಲ್ಲ, ಬರೀ ತೊಗಲು. ಈ ವಾರ ಸಿಕ್ಕಿದ್ದು ಇದೊಂದೇ.

ಮೈದುನ ಸಂತೋಷ್ ಹಲ್ಲುಜ್ಜುತ್ತ ಹಿತ್ತಲಿಗೆ ಬಂದ. "ಇದನ್ನ ಆಮ್ಲೆಟ್ ಹಾಕ್ತೀರೋ, ಬಲೂನ್ ಊದ್ತೀರೋ ಅತ್ತಿಗೆ? ಭಾನುವಾರ ತುಮ್ಕೂರಿಂದ ಫ್ರೆಂಡ್ಸ್ ಬರ್ತಾವ್ರೆ. ಅಷ್ಟ್ರೊಳಗೆ ಸರಿಯಾಗಿ ಇಡ್ಲಿಲ್ಲಾಂದ್ರೆ ಎಲ್ಲಾ ಸಾರಿಗೆ."

ಅವು ಅವಳೇ ಮರಿಯಿಂದ ಸಾಕಿದ ಕೋಳಿಗಳು. ಗಂಡ ಅಂಜನ್ ಸತ್ತ ಮೇಲೆ ಆ ಮನೆಯಲ್ಲಿ ಅವಳವು ಎಂದು ಉಳಿದಿದ್ದು ಅವು ಮಾತ್ರ.

ಅವುಗಳಿಗೆ ಬೇಕಾದದ್ದು ಹೆಚ್ಚೇನಿಲ್ಲ. ಗೂಡಿನಲ್ಲಿ ಹಗಲೆಲ್ಲ ಗುಬ್ಬಿ ಪೇಟೆಯಿಂದ ತಂದ ಕೋಳಿ ಫೀಡು, ಪಕ್ಕದಲ್ಲಿ ಕುಟ್ಟಿದ ಕಪ್ಪೆಚಿಪ್ಪು, ನೀರು, ಸಂಜೆ ಒಂದು ಹಿಡಿ ರಾಗಿ. ಫೀಡು ಹಾಗೇ ಉಳಿಯುತ್ತಿತ್ತು. ಮಧ್ಯಾಹ್ನ ಅತ್ತೆ ಲಕ್ಷ್ಮೀದೇವಮ್ಮ ಮಿಕ್ಕ ಅನ್ನವನ್ನೆಲ್ಲ ತಂದು ಸುರಿಯುತ್ತಿದ್ದರು. ಕೋಳಿಗಳು ಅದನ್ನೇ ಕಾಯುತ್ತಿದ್ದವು.

ಅಂದು ನಂದಿತಾ ಅಡ್ಡ ನಿಂತಳು. "ಅನ್ನ ಹಾಕ್ಬೇಡಿ ಅತ್ತೆ. ಹೊಟ್ಟೆ ತುಂಬುತ್ತೆ, ಮೊಟ್ಟೆ ಆಗಲ್ಲ."

"ಮಿಕ್ಕಿದ್ದನ್ನ ತಿಪ್ಪೆಗೆ ಹಾಕಕ್ಕಾಯ್ತದಾ?"

"ಮಿಗೋ ಹಾಗೆ ಯಾಕೆ ಮಾಡ್ತೀರಾ? ದಿನಾ ಒಬ್ಬರ ಊಟ ಮಿಗುತ್ತೆ. ಒಂದು ಪಾವು ಅಕ್ಕಿ ಕಮ್ಮಿ ಹಾಕಿ."

ಲಕ್ಷ್ಮೀದೇವಮ್ಮ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡರು. "ಯಾರ್ದು ಕಮ್ಮಿ ಮಾಡ್ಲಿ? ಹೆಸ್ರು ಹೇಳು."

"ನಿಮಗೇ ಗೊತ್ತು."

"ನಿನ್ ಬಾಯಲ್ಲೇ ಬರ್ಲಿ. ಓದಿರೋಳಲ್ವಾ."

"ಅಂಜನ್‌ದು."

"ಅಂದ್‌ಬುಟ್ಟೆಯಲ್ಲೇ. ನಾಲ್ಗೆ ತಡವರಿಸ್ಲೂ ಇಲ್ಲ."

"ಕೋಳಿಗಳು ಬದುಕಿವೆ ಅತ್ತೆ."

ಮರುದಿನ ಅತ್ತೆ ಹಾಲು ತರಲು ಹೋದಾಗ ನಂದಿತಾ ತಾನೇ ಒಂದು ಪಾವು ಕಡಿಮೆ ಅಕ್ಕಿ ಅಳೆದು ಒಲೆಗಿಟ್ಟಳು. ಮಧ್ಯಾಹ್ನ ಲಕ್ಷ್ಮೀದೇವಮ್ಮ ಬಡಿಸಿದರು. ಸಂತೋಷನಿಗೆ, ಸೊಸೆಗೆ, ಕಡೆಗೆ ತಮಗೆ. ಪಾತ್ರೆ ಬರಿದಾಯಿತು. ಅವರು ಕೂರಲಿಲ್ಲ. ತಮ್ಮ ತಟ್ಟೆ ಹಿಡಿದು ಹಿತ್ತಲಿಗೆ ನಡೆದರು.

ನಂದಿತಾ ಎಂಜಲು ಕೈಯಲ್ಲೇ ಎದ್ದು ಓಡಿದಳು. ಫೀಡು ಕುಕ್ಕುತ್ತಿದ್ದ ಕೋಳಿಗಳು ಹೊರಗೆ ನುಗ್ಗುವ ಮೊದಲೇ ಗೂಡಿನ ಜಾಲರಿ ಬಾಗಿಲು ಎಳೆದು ಅಗುಳಿ ಹಾಕಿ ಅದಕ್ಕೆ ಬೆನ್ನು ಕೊಟ್ಟಳು.

"ಊಟ ಮಾಡಿ ಅತ್ತೆ."

"ಇದು ನನ್ ಪಾಲು. ಯಾರಿಗಾನ ಹಾಕ್ತೀನಿ. ತೆಗಿ."

ಒಳಗಿನಿಂದ ಸಂತೋಷ್ ಮಜ್ಜಿಗೆ ಕೇಳಿದ. ಕೋಳಿಗಳು ಅವಳ ಕಾಲ ಪಕ್ಕದ ಜಾಲರಿಯಿಂದ ಕತ್ತು ತೂರಿಸುತ್ತಿದ್ದವು. ತಟ್ಟೆಯ ಅನ್ನ ಇನ್ನೂ ಬಿಸಿಯಾಗಿತ್ತು. ಅದರ ಹಬೆ ಇಬ್ಬರ ಮುಖಕ್ಕೂ ತಾಗುತ್ತಿತ್ತು.