ಮೇಷ್ಟ್ರು ಕೊರೆದ ಹಾಡು

ಗಾಳಿಬೀಡಿನ ತನ್ನ ಹಳೇ ಬಂಗಲೆ ಕೆಡವಿಸುವಾಗ ಸಿಕ್ಕ, ಹಾರ್ಮೋನಿಯಮ್ಮಿನಂಥ ಆರ್ಗನ್ ಪೆಟ್ಟಿಗೆಯನ್ನು ಹಳೇ ಶಿಷ್ಯ ಕುಶಾಲಪ್ಪ ಜೀಪಿನಲ್ಲಿ ಹೇರಿಕೊಂಡು ಬಂದು, ಮಡಿಕೇರಿಯ ವೆಂಕಟಕೃಷ್ಣ ಮೇಷ್ಟ್ರ ಮನೆಯಲ್ಲಿ ಇಳಿಸಿದ. ಅದನ್ನು ನುಡಿಸಲು ಬೆರಳು ಬೇಕಿರಲಿಲ್ಲ. ತೂತು ಕೊರೆದ ಕಾಗದದ ಸುರುಳಿ ಸಿಕ್ಕಿಸಿ ಪೆಡಲ್ ತುಳಿದರೆ, ತೂತು ಬಂದಲ್ಲೆಲ್ಲ ಗಾಳಿ ನುಗ್ಗಿ ರೀಡುಗಳು ತಾವೇ ಹಾಡುತ್ತಿದ್ದವು.

ಹಳೆಯ ಸುರುಳಿಗಳನ್ನು ಗೆದ್ದಲು ತಿಂದಿತ್ತು. ನಿವೃತ್ತಿಯ ಬೇಸರದಲ್ಲಿದ್ದ ಮೇಷ್ಟ್ರು ತಿದಿಗೆ ಹೊಸ ಬಟ್ಟೆ ಅಂಟಿಸಿದರು. ಮಳೆಗಾಲವಿಡೀ ಕೂತು ಹೊಸ ಸುರುಳಿಯೊಂದನ್ನು ಕೊರೆದರು. ಯಾವ ಹಾಡೆಂದು ಹೆಂಡತಿ ಪದ್ಮಾಕ್ಷಿಗೂ ಹೇಳಲಿಲ್ಲ.

ಮದುವೆಯಾಗಿ ಐವತ್ತು ವರ್ಷ ತುಂಬಿದ ದಿನ ನೆಂಟರನ್ನೆಲ್ಲ ಕೂರಿಸಿ, "ಪದ್ಮಾ, ನೀನೇ ತುಳಿ" ಎಂದರು.

ಮೊದಲ ಸಾಲಿಗೇ ಪದ್ಮಾಕ್ಷಿಯವರ ಕಾಲು ತಡವರಿಸಿತು. ಅದು ಅವರ ಅಜ್ಜಿ ಕಟ್ಟಿದ ಹಾಡು. ಹೆಣ್ಣು ನೋಡಲು ಬಂದ ಮೇಷ್ಟ್ರ ಮನೆಯವರೆದುರು ಪದ್ಮಾಕ್ಷಿ ಅದನ್ನೇ ಹಾಡಿದ್ದರು. ಮದುವೆಯಾದ ಮೇಲೆ, "ಅರ್ಚಕರ ಮನೆ ಸೊಸೆ ಸ್ಟೇಜ್ ಹತ್ತುವುದು ಬೇಡ" ಎಂದವರು ಇದೇ ಮೇಷ್ಟ್ರು. ಅಡುಗೆಮನೆಯಲ್ಲಿ ಗುನುಗಿದರೂ, "ಹೊರಗೆ ಜನ ಇದ್ದಾರೆ" ಎನ್ನುತ್ತಿದ್ದರು.

"ನಿಮಗೆ ನೆನಪಿತ್ತಾ?"

"ಮರೆಯುವುದುಂಟಾ ಮಾರಾಯ್ತಿ? ಎಷ್ಟು ಚೆಂದ ಹಾಡಿದ್ದೆ!"

"ಮತ್ತೆ ಬೇಡ ಅಂದದ್ದು ಯಾಕೆ?"

"ಆಗ ಅಪ್ಪ ಇದ್ದರಲ್ಲ."

"ಮಾವ ತೀರಿಕೊಂಡು ಎಷ್ಟು ಕಾಲ ಆಯ್ತು?"

ಮೇಷ್ಟ್ರು ಕೈ ಬೀಸಿ, "ಈಗ ಯಾರು ಕೇಳ್ತಾರೆ? ಜೊತೆಗೆ ಹಾಡು" ಎಂದರು.

ಪದ್ಮಾಕ್ಷಿ ಬಾಯಿ ತೆರೆದರು. ಮೇಲಿನ ಸ್ವರಕ್ಕೆ ಹೋಗುವಷ್ಟರಲ್ಲಿ ಗಂಟಲು ಒಡೆದು ಕೆಮ್ಮು ಬಂತು. ಅವರು ತುಳಿಯುತ್ತಿದ್ದ ಪೆಟ್ಟಿಗೆ ಮಾತ್ರ ಒಂದು ಸ್ವರವೂ ತಪ್ಪದೆ ಹಾಡುತ್ತಿತ್ತು. ಮೈದುನನ ಮಗಳು ಹಂಸಿನಿ ಮೊಬೈಲ್ ಹಿಡಿದು, "ದೊಡ್ಡಮ್ಮ, ಬಿಡಬೇಡಿ, ಹಾಡಿ" ಎಂದು ನಗುತ್ತಿದ್ದಳು.

ಅವರು ಎರಡೂ ಕಾಲು ಎತ್ತಿದರು. ತಿದಿಯ ಗಾಳಿ ಇಳಿದು ಸ್ವರ ನರಳುತ್ತ ನಿಂತಿತು.

"ಇನ್ನೊಂದು ಚರಣ ಉಂಟು" ಎಂದರು ಮೇಷ್ಟ್ರು.

"ನೀವೇ ತುಳಿದು ಕೇಳಿ."

ನೆಂಟರು ಮೇಷ್ಟ್ರಿಗೆ ಚಪ್ಪಾಳೆ ತಟ್ಟಿದರು. "ದೊಡ್ಡಪ್ಪನಿಗೆ ಎಷ್ಟು ಪ್ರೀತಿ ನೋಡಿ" ಎಂದಳು ಹಂಸಿನಿ. ಪದ್ಮಾಕ್ಷಿ ಒಳಗೆ ಹೋಗಿ ಪಾಯಸ ಬಿಸಿಗಿಟ್ಟರು.

ಈಗ ಮನೆಗೆ ಬಂದವರಿಗೆಲ್ಲ ಮೇಷ್ಟ್ರು ಅದನ್ನು ತುಳಿದು ಕೇಳಿಸುತ್ತಾರೆ. "ನನ್ನ ಹೆಂಡತಿಯ ಹಾಡು" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟರಲ್ಲಿ ಪದ್ಮಾಕ್ಷಿ ಚೀಲ ಹಿಡಿದು ಮಾರ್ಕೆಟ್ಟಿನ ಇಳಿಜಾರು ಇಳಿಯುತ್ತಿರುತ್ತಾರೆ. ತರಕಾರಿ ಬೇಕಿರಲಿ, ಬೇಡದಿರಲಿ.