ಗಲ್ಲೆಯಲ್ಲಿದ್ದ ಲ್ಯಾಪ್‌ಟಾಪ್

ತನ್ವಿಯ ಲೋಕವೆಲ್ಲ ಎರಡು ಹೆಬ್ಬೆರಳುಗಳಲ್ಲಿ ನಡೆಯುತ್ತಿತ್ತು. ಕಾಲೇಜಿನ ಪ್ರಾಜೆಕ್ಟು, ಅಮ್ಮನ ದಿನಸಿ ಪಟ್ಟಿ, ಗೆಳತಿಯರ ಜೊತೆಗಿನ ಜಗಳ, ಆಮೇಲಿನ ರಾಜಿ, ಎಲ್ಲವೂ ಫೋನಿನಲ್ಲೇ. ಆದರೆ ಇವತ್ತು ಸಂಜೆ ನಾಲ್ಕಕ್ಕೆ ಡಿಸೈನ್ ಕಾಲೇಜಿನ ಪ್ರವೇಶ ಪರೀಕ್ಷೆ, ಅದಕ್ಕೆ ಫೋನು ಆಗದು. ಲ್ಯಾಪ್‌ಟಾಪಿನ ಕ್ಯಾಮೆರಾ ಹಾಕಿಕೊಂಡು, ಕೋಣೆಯಲ್ಲಿ ಒಬ್ಬಳೇ ಕೂತು ಬರೆಯಬೇಕು. ಹಾಗಾಗಿ ಸೈಬರ್ ಕೆಫೆಯೂ ಇಲ್ಲ. ಗೆಳತಿ ಅಪೇಕ್ಷಾಳದ್ದನ್ನು ಕೇಳೋಣವೆಂದರೆ ಅವಳಿಗೂ ಅದೇ ಹೊತ್ತಿಗೆ ಅದೇ ಪರೀಕ್ಷೆ.

ಸಾನಪಾಡಾದಲ್ಲಿ ಹೋಟೆಲು ನಡೆಸುವ ಮುರಾರಿ ಮಾವ, ಅಂದರೆ ಅಮ್ಮನ ಅಣ್ಣ, ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲಿದ್ದ ಹಳೆಯ ಲ್ಯಾಪ್‌ಟಾಪನ್ನು ವಾರದ ಹಿಂದೆಯೇ ಡೊಂಬಿವಲಿಯ ತನ್ವಿಯ ಮನೆಗೆ ಕಳಿಸಿದ್ದರು. ಬಂದ ದಿನವೇ ತನ್ವಿ ಅದರ ಮುಚ್ಚಳಕ್ಕೆ ಐದು ಸ್ಟಿಕ್ಕರ್ ಅಂಟಿಸಿ, ಫೋಟೋ ತೆಗೆದು ಸ್ಟೇಟಸ್ ಹಾಕಿದ್ದಳು. ಬಟನ್ ಒತ್ತಿ ನೋಡಿದ್ದು ಮಾತ್ರ ಇವತ್ತು ಬೆಳಿಗ್ಗೆ. ಕಪ್ಪು ಪರದೆಯ ನಡುವೆ ಒಂದು ಬೂದು ಚೌಕ ಬಂತು. ಪಾಸ್‌ವರ್ಡ್ ಹಾಕು ಎಂದಿತು.

ವಿಡಿಯೋ ಕಾಲ್ ಮಾಡಿದಾಗ ಮಾವ ನಕ್ಕೇಬಿಟ್ಟರು.

"ಪಾಸ್‌ವರ್ಡಾ? ಹೌದಲ್ಲ ಮಾರಾಯ್ತಿ, ಅದೊಂದು ಉಂಟು! ನಂಬರ್ ಎಂತದು ಅಂತ ನೆನಪಿಲ್ಲ. ಎಂಟು ವರ್ಷ ದಿನಾ ಬೆಳಿಗ್ಗೆ ಹಾಲಿನವನ ಹತ್ರ ಮಾತಾಡ್ತಾ ಹೊಡೆದದ್ದು. ಕೈಗೆ ಗೊತ್ತುಂಟು, ತಲೆಗೆ ಗೊತ್ತಿಲ್ಲ."

"ಅರೇ ಮಾವ, ಟೆನ್ಶನ್ ಮತ್ ದೋ! ಒಂದ್ ಕೆಲಸ ಮಾಡಿ. ಫೋನಲ್ಲಿ ನಂಬರ್ ಡಯಲ್ ಮಾಡೋ ಜಾಗ ತೆಗೀರಿ, ಕೈಗೆ ಬಂದ ಹಾಗೆ ಒತ್ತಿ."

ಮಾವ ಕಣ್ಣು ಮುಚ್ಚಿದರು. ಬೆರಳು ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಓಡಿತು, ಓರೆಯಾಗಿ ನಡುವಿಗೆ ಇಳಿಯಿತು, ಮತ್ತೆ ಕೆಳಗಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋಯಿತು. ಕಣ್ಣು ಬಿಟ್ಟು ಓದಿದರು. "ಒಂದು ಎರಡು ಮೂರು, ಐದು, ಏಳು ಎಂಟು ಒಂಬತ್ತು. ಇದೇ, ಇದೇ!"

ಅದಾಗಿರಲಿಲ್ಲ. ಮೂರು ಸಲ ತಪ್ಪಿದ ಮೇಲೆ ಲ್ಯಾಪ್‌ಟಾಪ್ ಮುಷ್ಕರ ಹೂಡಿತು. ಆರಿಸಿ ಹಾಕಿದರೂ ಅದೇ ಬೂದು ಚೌಕ.

ಸ್ಟೇಷನ್ ಪಕ್ಕದ ರಿಪೇರಿ ಅಂಗಡಿಯ ಗುರುನಾಥ ವಿಜಯಪುರದ ಕಡೆಯವನು. ತಿರುಗಿಸಿ ಮುರುಗಿಸಿ ನೋಡಿದ.

"ಇದು ಫಾರ್ಮ್ಯಾಟ್ ಹೊಡದ್ರ ಹೋಗೂದಿಲ್ಲ ತಂಗಿ. ಬಯೋಸ್ ಲಾಕ್. ವಿಂಡೋಸ್ ಏಳೂಕಿಂತ ಮೊದಲೇ ಬಾಗಲದಾಗ ಕುಂತದ."

"ಒಳಗಿನ ಸೆಲ್ ತೆಗೆದು ಹಾಕಿದ್ರೆ ಹೋಗ್ತದೆ ಅಂತ ವಿಡಿಯೋದಲ್ಲಿತ್ತು, ಅಣ್ಣಾ."

"ವಿಡಿಯೋದಾಗ ಎಲ್ಲಾ ಹೋಗ್ತದ. ಈ ಮಾಡೆಲ್‌ದಾಗ ಪಾಸ್‌ವರ್ಡ್ ಚಿಪ್ಪಿನಾಗ ಇರ್ತದ. ಚಿಪ್ ತಗದು ಮಾಡಾಕ ಮೂರು ದಿನ ಬೇಕು. ಮತ್ತ ಮಷಿನ್ ಯಾರದಂತ ಬಿಲ್ ತೋರಸ್ಬೇಕು. ಕದ್ದ ಮಾಲ್ ನಾ ಮುಟ್ಟೂದಿಲ್ಲ."

"ನಾನು ಕಳ್ಳಿ ಥರಾ ಕಾಣ್ತೀನಾ?"

ಗುರುನಾಥ ಮುಚ್ಚಳದ ಮೇಲಿನ ಗುಲಾಬಿ ಬೆಕ್ಕನ್ನು ನೋಡಿದ. "ಇಲ್ಲ ಬಿಡು. ಕಳ್ಳರು ಇಷ್ಟೊಂದು ಅಂಟಸೂದಿಲ್ಲ. ವಾಶಿಯಾಗ ಕಂಪನಿ ಸರ್ವಿಸ್ ಅದ. ಬಿಲ್ ಒಯ್ದಿ ಅಂದ್ರ ಇವತ್ತ ಮಾಡಿಕೊಟ್ರೂ ಕೊಟ್ಟಾರು."

ಬಿಲ್ಲು ಇದ್ದರೆ ಮಾವನ ಹತ್ತಿರವೇ ಇರಬೇಕು. ತನ್ವಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಲೋಕಲ್ ರೈಲು ಹಿಡಿದಳು. ಠಾಣೆಯಲ್ಲಿ ಇಳಿದು, ಓಡಿ, ಇನ್ನೊಂದು ಗಾಡಿ ಹತ್ತಿ ಸಾನಪಾಡಾ ಮುಟ್ಟುವಾಗ ಎರಡೂವರೆ. ಹೋಟೆಲಿನಲ್ಲಿ ಊಟದ ಗಡಿಬಿಡಿ.

ಮಾವ ಕಪಾಟಿನ ತಳದಿಂದ ಒಂದು ಫೈಲು ಎಳೆದರು. ಬಿಲ್ಲು ಸಿಕ್ಕಿತು. ಆದರೆ ಹೋದ ಮಳೆಗಾಲದಲ್ಲಿ ಒಳಗೆ ನೀರು ನುಗ್ಗಿ ಕಾಗದದ ಮೇಲೆ ನೀಲಿ ಕಲೆಯ ಹೊರತು ಏನೂ ಉಳಿದಿರಲಿಲ್ಲ. ತನ್ವಿ ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು.

"ಒಂದು ವರ್ಷ ಹೋಯ್ತು ಮಾವ ನನ್ನದು."

"ಎಂತ ಹೋಗುದು? ಇಲ್ಲಿ ಕೊಡು, ನಾನು ನೋಡ್ತೇನೆ." ಮಾವ ಲ್ಯಾಪ್‌ಟಾಪಿನ ಮೇಲೆ ಬಲಗೈ ಇಟ್ಟರು. ಕೈ ಅತ್ತಿತ್ತ ತಡಕಾಡಿ ನಿಂತುಬಿಟ್ಟಿತು. "ಇದ್ರಲ್ಲಿ ನನ್ನ ಕೈಗೆ ಜಾಗವೇ ಇಲ್ಲವಲ್ಲ! ನಾನು ಹೊಡೀತಿದ್ದದ್ದು ಹೊರಗಿನ ದೊಡ್ಡ ಕೀಬೋರ್ಡಿನಲ್ಲಿ, ಬಲಬದಿಯ ನಂಬರಿನಲ್ಲಿ. ಅದು ಸಾಂಬಾರು ಚೆಲ್ಲಿ ಸತ್ತಿತು."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಹೊಸ ಬಿಲ್ಲಿಂಗ್ ಮಷಿನ್ ಮೇಲೆ ಮಾವನಿಗೆ ಇನ್ನೂ ನಂಬಿಕೆ ಇಲ್ಲ. ಎಲ್ಲವನ್ನೂ ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಕೂಡಿಸಿ ನೋಡುವುದು ರೂಢಿ. ಕಣ್ಣು ಗಿರಾಕಿಯ ಮೇಲೆ, ಬೆರಳು ತನ್ನಷ್ಟಕ್ಕೆ ಮೇಲಿನ ಎಡಮೂಲೆಗೆ ಹಾರಿತು. ಪರದೆಯಲ್ಲಿ ಏಳು ಮೂಡಿತು.

ಏಳು?

ತನ್ವಿ ತನ್ನ ಫೋನು ತೆಗೆದಳು. ಅದರ ಮೇಲಿನ ಎಡಮೂಲೆಯಲ್ಲಿ ಒಂದು.

"ಮಾವಾ!" ಎಂದು ಕಿರುಚಿದಳು. ತಾಟಿನ ಮುಂದೆ ಕೂತವರೆಲ್ಲ ತಿರುಗಿ ನೋಡಿದರು. "ನಿಮ್ಮ ಕೈ ಸರಿ ಉಂಟು! ಫೋನ್ ಉಲ್ಟಾ!"

"ಎಂತ ಉಲ್ಟಾ?"

"ಫೋನಲ್ಲಿ ಒಂದು ಎರಡು ಮೂರು ಮೇಲೆ. ನಿಮ್ಮ ಕ್ಯಾಲ್ಕುಲೇಟರಲ್ಲಿ ಅದು ಕೆಳಗೆ! ಏಳು ಎಂಟು ಒಂಬತ್ತು ಮೇಲೆ! ಕೀಬೋರ್ಡಲ್ಲೂ ಹೀಗೇ ಇತ್ತಲ್ವಾ?"

ಮಾವ ಕ್ಯಾಲ್ಕುಲೇಟರನ್ನು ಮೊದಲ ಸಲ ಕಾಣುವವರಂತೆ ನೋಡಿದರು. "ಹೌದಲ್ಲ ಮಾರಾಯ್ತಿ! ಇಪ್ಪತ್ತು ವರ್ಷ ಹೊಡೆದೆ, ನೋಡ್ಲೇ ಇಲ್ಲ."

ಏಳು ಎಂಟು ಒಂಬತ್ತು. ಐದು. ಒಂದು ಎರಡು ಮೂರು. ಎಂಟರ್.

ಬೂದು ಚೌಕ ಮಾಯವಾಯಿತು. ಒಳಗಿನ ಫ್ಯಾನು ಕೆಮ್ಮಿ ಗುರುಗುಟ್ಟಿತು. ವಿಂಡೋಸ್ ಏಳುತ್ತಲೇ ಅಪ್‌ಡೇಟ್ ಮಾಡಲೇ ಎಂದು ಕೇಳಿತು. "ಬಿಲ್ಕುಲ್ ನಹೀ!" ಎಂದು ತನ್ವಿ ಗದರಿಸಿದಳು.

ಡೊಂಬಿವಲಿಗೆ ಮರಳುವಷ್ಟು ಹೊತ್ತಿರಲಿಲ್ಲ. ಮಾವ ಮಹಡಿಯ ಉಗ್ರಾಣದಲ್ಲಿ ಉದ್ದಿನಬೇಳೆಯ ಚೀಲಗಳನ್ನು ಪಕ್ಕಕ್ಕೆ ಸರಿಸಿ, ಸ್ಟೂಲು ಹಾಕಿ, ಚಾರ್ಜರ್ ಚುಚ್ಚಿಕೊಟ್ಟರು.

"ಇನ್ನು ಆ ಪಾಸ್‌ವರ್ಡ್ ತೆಗೆದುಬಿಡು ಮಗಾ."

"ಇರ್ಲಿ ಮಾವ. ನನ್ನ ಕೈಗೂ ಗೊತ್ತಾಯ್ತು."

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮಾವ ಕೆಳಗೆ ಮಾಣಿಗಳಿಗೆ ಸಾರಿದ್ದು ಮೇಲಕ್ಕೂ ಕೇಳಿತು. "ಮಸಾಲೆ ಒಂದು, ಇಡ್ಲಿ ಎರಡು ಅಂತ ಯಾರೂ ಬೊಬ್ಬೆ ಹೊಡೀಬಾರದು! ಆರು ಗಂಟೆವರೆಗೆ ಹತ್ರ ಹೋಗಿ ಕಿವಿಯಲ್ಲಿ ಹೇಳಿ!"

ಕ್ಯಾಮೆರಾದ ದೀಪ ಹತ್ತಿತು. ಮೊದಲ ಪ್ರಶ್ನೆ ತೆರೆದುಕೊಂಡಿತು: ನೀವು ದಿನಾ ಬಳಸುವ ಒಂದು ವಸ್ತುವನ್ನು ಆರಿಸಿ, ಅದನ್ನು ಇನ್ನೊಬ್ಬರ ಕೈಗೆ ಒಗ್ಗುವಂತೆ ಹೇಗೆ ಬದಲಿಸುತ್ತೀರಿ, ಬರೆಯಿರಿ.

ತನ್ವಿಗೆ ನಗು ತಡೆಯಲಾಗಲಿಲ್ಲ. ಎರಡು ಹೆಬ್ಬೆರಳಿನಲ್ಲೇ ಶುರು ಮಾಡಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಉಳಿದ ಬೆರಳುಗಳೂ ಒಂದೊಂದಾಗಿ ಕೀಗಳ ಮೇಲೆ ಇಳಿದವು.